ಪೋಡಿಗೆ ಬೇಕಾದ ವಿದ್ವಾಂಸ

ಬೆಂಗಳೂರಿನ ಪೂರ್ವಕ್ಕಿರುವ ಮಹದೇವಪುರದ ನಕ್ಷೆಯನ್ನು ಬಿಡಿಸಿ ನೋಡಿದರೆ ಕೆರೆ, ಬೀದಿ, ಕಾರ್ಖಾನೆ, ಕಚೇರಿ ಎಲ್ಲಕ್ಕೂ ಹೆಸರು ಕಾಣುತ್ತದೆ. ಹೆಸರು ಬರೆದಿರುವ ನೆಲಕ್ಕೆ ವಾರಸುದಾರರುಂಟೆಂದು ನೋಡಿದವರು ಕೂಡಲೆ ಒಪ್ಪುತ್ತಾರೆ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಇಂಥ ನಕ್ಷೆ ಬಹುಕಾಲ ಇರಲಿಲ್ಲ. ಅವರ ನೆಲದ ಹೆಸರುಗಳೆಲ್ಲ ಹಿರಿಯರ ನಾಲಗೆಯ ಮೇಲಿದ್ದುವು.

ಸೋಲಿಗರ ವಸತಿಗೆ ಪೋಡು ಎಂದು ಹೆಸರು. ಒಂದೊಂದು ಕುಲಕ್ಕೂ ಕಾಡಿನಲ್ಲಿ ತನ್ನದೇ ಆದ ಎಲ್ಲೆಯುಂಟು. ಆ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ನೀರಿನ ಅಬ್ಬಿ, ಸತ್ತವರ ನೆನಪಿನ ಕಲ್ಲುಗುಡಿ ಎಂಬ ಪವಿತ್ರ ಸ್ಥಾನಗಳಿವೆ. 1974ರಲ್ಲಿ ಈ ಕಾಡು ವನ್ಯಧಾಮವಾಯಿತು. ಬೇಟೆಯೂ ಕುಮರಿ ಬೇಸಾಯವೂ ನಿಂತುವು. ಅನೇಕ ಪೋಡುಗಳು ಸ್ಥಳಾಂತರಗೊಂಡುವು. ಎಲ್ಲೆಗಳು ಮಾತಿನಲ್ಲಷ್ಟೇ ಉಳಿದುವು.

2006ರ ಅರಣ್ಯ ಹಕ್ಕು ಕಾಯಿದೆಯು ಕಾಡನ್ನು ಕಾಯುವ, ಬಳಸುವ ಅಧಿಕಾರವನ್ನು ಗ್ರಾಮಸಭೆಗೆ ನೀಡಿತು. ಆದರೆ ಹಕ್ಕನ್ನು ಕೇಳುವವರು ಸಾಕ್ಷ್ಯ ಒದಗಿಸಬೇಕು. ಹಿರಿಯರ ಹೇಳಿಕೆಯೂ ಬರಹಕ್ಕಿಳಿದರೆ ಸಾಕ್ಷ್ಯವೇ. ಸಮಾಧಿ, ದೇವರ ಬನಗಳೂ ಸಾಕ್ಷ್ಯವೇ. ಕಾನೂನಿನಲ್ಲಿ ಹೀಗಿದ್ದರೂ ಅವನ್ನು ಬರೆದು, ಅಳೆದು, ಗುರುತಿಸುವವರು ಬೇಡವೇ? ಸ್ವಯಮಾಡಳಿತಕ್ಕೆ ಸಂಶೋಧಕನ ಅಗತ್ಯ ಒದಗಿದ್ದು ಇಲ್ಲಿಯೇ.

ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಸೋಲಿಗ ಹಿರಿಯರೊಡನೆ ಕಾಡನ್ನು ಸುತ್ತಿ, ನೂರಾರು ಪವಿತ್ರ ಸ್ಥಾನಗಳನ್ನೂ ಕುಲಗಳ ಎಲ್ಲೆಗಳನ್ನೂ ನಕ್ಷೆಗೆ ಇಳಿಸಿದರು. ಅವರಲ್ಲೊಬ್ಬರಾದ ಡಾ. ಸಿ. ಮಾದೇಗೌಡರು ಸ್ವತಃ ಸೋಲಿಗರು. ಸಾಮಾನ್ಯವಾಗಿ ಇಂಥ ಹುದ್ದೆಗೆ ಕರೆ ಕೊಡುವವರು ಡಾಕ್ಟರೇಟ್ ಪದವಿಯನ್ನೂ ಪ್ರಕಟವಾದ ಪ್ರಬಂಧಗಳನ್ನೂ ಕೇಳುತ್ತಾರೆ. ಅವು ಬೇಕಾದುವೇ. ಆದರೆ ಪೋಡಿನ ಮಾತು ತಿಳಿಯದವನು, ಹಿರಿಯರ ಹಿಂದೆ ದಿನಗಟ್ಟಲೆ ನಡೆಯಲಾರದವನು ಏನನ್ನು ಬರೆದಾನು? ಕಲೆಹಾಕಿದ ತಿಳಿವಳಿಕೆಯನ್ನು ಗ್ರಾಮಸಭೆಯ ಕೈಗೆ ಒಪ್ಪಿಸಲು, ಅದು ಗುಟ್ಟೆಂದುದನ್ನು ಗುಟ್ಟಾಗಿಡಲು ಅವನು ಒಪ್ಪಬೇಕು. ಹುದ್ದೆಯ ಅವಧಿ ಬಹುಮಟ್ಟಿಗೆ ಎರಡು ಮೂರು ವರ್ಷ. ಕಾಡಿನ ದಾರಿಗಳನ್ನು ಕಲಿಯುವುದಕ್ಕೇ ಅಷ್ಟು ಕಾಲ ಸಾಲದು!

ತರಗು ಬೆಂಕಿಯ ಸಂಗತಿಯನ್ನೇ ನೋಡಬಹುದು. ಬೇಸಗೆಯ ಮೊದಲಲ್ಲಿ ಒಣಗಿದ ಎಲೆಗಳಿಗೆ ಸಣ್ಣ ಬೆಂಕಿ ಇಡುವುದು ಸೋಲಿಗರ ಹಳೆಯ ರೂಢಿ. ಅದು ನಿಷೇಧಗೊಂಡ ಬಳಿಕ ಲಂಟಾನ ಹಬ್ಬಿತು, ನೆಲ್ಲಿಯ ಮರಗಳಲ್ಲಿ ಉಪ್ಪಿಲು ಎಂಬ ಬದನಿಕೆ ಹೆಚ್ಚಿತು ಎಂದು ಹಿರಿಯರು ಹೇಳುತ್ತ ಬಂದರು. ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭವಾಗಿತ್ತು. ಆ ಮಾತನ್ನು ಪರೀಕ್ಷೆಗೆ ಒಡ್ಡಿದ ಸಂಶೋಧಕರು ಅದರಲ್ಲಿ ಹುರುಳಿದೆಯೆಂದು ಕಂಡು ಪ್ರಬಂಧಗಳನ್ನು ಬರೆದರು.

2011ರಲ್ಲಿ ಹಲವು ಪೋಡುಗಳ ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕುಪತ್ರಗಳು ದೊರೆತುವು. ಅದೇ ವರ್ಷ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವೆಂದೂ ಘೋಷಿತವಾಯಿತು. ಹೀಗಾಗಿ ಜೇನು ಇಳಿಸುವುದಿರಲಿ, ಲಂಟಾನ ಕೀಳುವುದಿರಲಿ, ಪೋಡಿನವರು ಅರಣ್ಯ ಇಲಾಖೆಯೊಡನೆ ಮಾತಿಗೆ ಕೂರಬೇಕಾಗುತ್ತದೆ. ಆಗ ಅವರ ಕೈಯಲ್ಲಿ ಹಿರಿಯರ ಹೆಸರುಗಳಿಂದ ತುಂಬಿದ ಆ ನಕ್ಷೆಯಿರುತ್ತದೆ.