ಸಾಕ್ಷ್ಯದ ಮಿತಿ: ಸಂತ ಅಗಸ್ಟೀನರು ಮತ್ತು ಅವರ ಕುಟುಂಬ

ವಿಶ್ವಾಸದ ಸಾಕ್ಷ್ಯ ಹೇಳುವಾಗ ಮನೆಯವರ ಕುರಿತು ಎಷ್ಟನ್ನು ತೆರೆದಿಡಬಹುದು ಎಂಬ ಪ್ರಶ್ನೆ ಪ್ರಬೋಧಕರಾದ ನಮ್ಮೆಲ್ಲರದು. ಸಂತ ಅಗಸ್ಟೀನರು ಸುಮಾರು 397ರಲ್ಲಿ ಬರೆಯಲಾರಂಭಿಸಿದ ‘ಕನ್ಫೆಸಿಯೋನೆಸ್’ ಕೃತಿಯಲ್ಲಿ ಇದಕ್ಕೊಂದು ಅಳತೆಗೋಲು ದೊರೆಯುತ್ತದೆ.

ಸ್ವಂತ ಪಾಪಗಳನ್ನು ಅವರು ಮರೆಮಾಚುವುದಿಲ್ಲ. ಆದರೆ ತಮ್ಮ ಮಗನನ್ನು ಹೆತ್ತ ಸ್ತ್ರೀಯ ಹೆಸರನ್ನು ಎಲ್ಲಿಯೂ ಹೇಳುವುದಿಲ್ಲ. ಒಂಬತ್ತನೆಯ ಪುಸ್ತಕದಲ್ಲಿ ತಾಯಿಗೆ ಎಳವೆಯಲ್ಲಿದ್ದ ದ್ರಾಕ್ಷಾರಸದ ಚಟವನ್ನು ಬರೆಯುತ್ತಾರೆ; ಅದನ್ನು ತಾಯಿಯೇ ಮಗನಿಗೆ ತಿಳಿಸಿದ್ದರು. ತಂದೆಯ ಮುಂಗೋಪವನ್ನೂ ದಾಂಪತ್ಯದ್ರೋಹವನ್ನೂ ಬರೆಯುತ್ತಾರೆ. ಅವರ ಮನಪರಿವರ್ತನೆಯನ್ನೂ ಜೊತೆಗೇ ಹೇಳುತ್ತಾರೆ. ಮೋನಿಕಾ ಎಂಬ ಹೆಸರು ಇಡೀ ಕೃತಿಯಲ್ಲಿ ಬರುವುದು ಒಮ್ಮೆ ಮಾತ್ರ: ಪತಿಯೊಡನೆ ಆಕೆಯನ್ನೂ ಬಲಿಪೀಠದ ಬಳಿ ಸ್ಮರಿಸಿರೆಂದು ಓದುಗರನ್ನು ಬೇಡುವಾಗ.

ನಿಜವಾದದ್ದೆಲ್ಲವೂ ಹೇಳತಕ್ಕದ್ದಲ್ಲ. 1983ರ ಧರ್ಮಸಭಾ ಕಾನೂನು ಸಂಹಿತೆಯ 220ನೆಯ ವಿಧಿಯು ಯಾರ ಸತ್ಕೀರ್ತಿಗೂ ಖಾಸಗಿತನಕ್ಕೂ ಅಕ್ರಮವಾಗಿ ಧಕ್ಕೆ ತರಬಾರದೆನ್ನುತ್ತದೆ. ಇದು ಅನ್ಯಾಯವನ್ನು ಮುಚ್ಚಿಡಲು ನೆಪವಾಗಬಾರದು. ನೊಂದವರ ರಕ್ಷಣೆಗಾಗಿ ಸಂಬಂಧಪಟ್ಟವರಿಗೆ ಸತ್ಯ ತಿಳಿಸುವುದು ಕರ್ತವ್ಯವೇ. ಆದರೆ ಪ್ರಬೋಧನೆಯ ಸ್ವಾರಸ್ಯಕ್ಕಾಗಿ ಮನೆಯವರ ದೋಷವನ್ನು ಬಳಸುವ ಹಕ್ಕು ನಮಗಿಲ್ಲ. ನಮ್ಮ ಪಾಪವನ್ನು ನಾವು ಹೇಳಿಕೊಳ್ಳಬಹುದು. ಬದುಕಿರುವವರದನ್ನು ಅವರ ಒಪ್ಪಿಗೆಯಿಂದ, ಮೃತರದನ್ನು ಅವರಿಗಾಗಿ ಪ್ರಾರ್ಥಿಸುವ ಮನಸ್ಸಿನಿಂದ ಮಾತ್ರ.