ರಜೆಗೆ ಯಾವ ರಾಜ್ಯದ ಕಾನೂನು? ಗಡಿಭಾಗದ ನೌಕರರು ತಿಳಿದಿರಬೇಕಾದ ವಿಷಯಗಳು



ಅಕ್ಟೋಬರ್ ಕೊನೆಯ ವಾರ ಬಂತೆಂದರೆ ಗಡಿಭಾಗದಲ್ಲಿ ಕೇಳಿಬರುವ ಪ್ರಶ್ನೆ ಒಂದೇ: “ನವೆಂಬರ್ 1ರಂದು ನಮಗೆ ರಜೆ ಇದೆಯೋ ಇಲ್ಲವೋ?” ಮಂಜೇಶ್ವರದಿಂದ ದಿನವೂ ಮಂಗಳೂರಿಗೆ ಕೆಲಸಕ್ಕೆ ಹೋಗುವವರೂ ಇದನ್ನೇ ಕೇಳುತ್ತಾರೆ, ಹೊಸೂರಿನ ಕಾರ್ಖಾನೆಗಳಲ್ಲಿ ದುಡಿಯುವವರೂ ಇದನ್ನೇ ಕೇಳುತ್ತಾರೆ. ಆದರೆ ಇಬ್ಬರಿಗೂ ಉತ್ತರ ಬೇರೆ ಬೇರೆ. ನಾನು ಹಾಜರಿ ಪುಸ್ತಕ, ರಜೆ ಲೆಕ್ಕ ಬರೆಯುತ್ತಲೇ ನೌಕರಿ ಮುಗಿಸಿದ ಗುಮಾಸ್ತ. ತಿಳಿಯದೆ ರಜೆ ಕಳೆದುಕೊಳ್ಳುವವರೇ ಹೆಚ್ಚು ಎಂಬುದನ್ನು ಕಂಡಿದ್ದೇನೆ. ಅದಕ್ಕಾಗಿ ಈ ಲೇಖನ.

ಮೊದಲ ಮಾತು: ರಜೆಯ ವಿಷಯದಲ್ಲಿ ನಮ್ಮ ಮನೆ ಎಲ್ಲಿದೆ, ಮಾತೃಭಾಷೆ ಯಾವುದು ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ನಾವು ಕೆಲಸ ಮಾಡುವ ಕಾರ್ಖಾನೆ ಅಥವಾ ಅಂಗಡಿ ಯಾವ ರಾಜ್ಯದ ನೆಲದಲ್ಲಿದೆಯೋ ಆ ರಾಜ್ಯದ ಕಾನೂನು ನಮಗೆ ಅನ್ವಯ. ಇದಕ್ಕೆ ಮುಖ್ಯವಾದ ಒಂದು ಅಪವಾದವಿದೆ. ಅದನ್ನು ಮುಂದೆ ಹೇಳುತ್ತೇನೆ.

ಸರ್ಕಾರಿ ರಜೆ ಬೇರೆ, ನಮ್ಮ ಹಕ್ಕಿನ ರಜೆ ಬೇರೆ

ಕ್ಯಾಲೆಂಡರಿನಲ್ಲಿ ಕೆಂಪು ಅಕ್ಷರ ಕಂಡ ಮಾತ್ರಕ್ಕೆ ಖಾಸಗಿ ನೌಕರರಿಗೆ ರಜೆ ಸಿಗುವುದಿಲ್ಲ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಂತೆ ಘೋಷಿಸುವ ರಜೆಗೆ ಬ್ಯಾಂಕುಗಳು ಮುಚ್ಚುತ್ತವೆ. ಸರ್ಕಾರಿ ಕಚೇರಿಗಳ ರಜಾ ಪಟ್ಟಿ ಸರ್ಕಾರಿ ನೌಕರರಿಗೆ. ಕಾರ್ಖಾನೆ ಮತ್ತು ಖಾಸಗಿ ಸಂಸ್ಥೆಗಳಿಗೆ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಬಗ್ಗೆ ರಾಜ್ಯಗಳು ಬೇರೆ ಕಾಯ್ದೆಗಳನ್ನು ಮಾಡಿವೆ.

ಕರ್ನಾಟಕದಲ್ಲಿ 1963ರ ಕಾಯ್ದೆ ಇದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಮತ್ತು ನವೆಂಬರ್ 1, ಈ ಐದು ದಿನಗಳ ಜೊತೆಗೆ ಐದು ಹಬ್ಬದ ರಜೆಗಳು. ಹಾಗಾಗಿ ಮಂಜೇಶ್ವರದವರಾದರೂ ಮಂಗಳೂರಿನ ಕಾರ್ಖಾನೆಯಲ್ಲಿದ್ದರೆ ರಾಜ್ಯೋತ್ಸವದ ರಜೆ ಅವರ ಹಕ್ಕು.

ತಮಿಳುನಾಡಿನ 1958ರ ಕಾಯ್ದೆಯಲ್ಲಿ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಮತ್ತು ಐದು ಹಬ್ಬದ ರಜೆಗಳಿವೆ. ನವೆಂಬರ್ 1 ಇಲ್ಲ. ಹೊಸೂರು, ತಾಳವಾಡಿ ಕಡೆಯವರು ರಾಜ್ಯೋತ್ಸವಕ್ಕೆ ಬರಬೇಕಾದರೆ ಸ್ವಂತ ರಜೆ ಹಾಕಿಯೇ ಬರಬೇಕು. ಕೇರಳದ 1958ರ ಕಾಯ್ದೆಯಲ್ಲೂ ಅದೇ ನಾಲ್ಕು ದಿನಗಳ ಜೊತೆಗೆ ಹಬ್ಬದ ರಜೆಗಳಿವೆ. ಮಹಾರಾಷ್ಟ್ರದ ಅಂಗಡಿ ಮತ್ತು ಸಂಸ್ಥೆಗಳಿಗೆ 2017ರ ಕಾಯ್ದೆ ಇದೆ. ಈ ಕಾಯ್ದೆ ಅನ್ವಯಿಸುವ ಕಡೆ ಈ ನಾಲ್ಕು ದಿನ ಮತ್ತು ಬೇರೆ ನಾಲ್ಕು, ಒಟ್ಟು ಎಂಟು ದಿನ ಸಂಬಳ ಸಹಿತ ರಜೆ ಕೊಡಬೇಕು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಸದಸ್ಯರು ಇದನ್ನು ಗಮನಿಸಬೇಕು.

ಇಲ್ಲೊಂದು ಅವಕಾಶವಿದೆ. ಹಬ್ಬದ ರಜೆಗಳು ಯಾವುವು ಎಂಬುದನ್ನು ಮಾಲೀಕರೊಬ್ಬರೇ ತೀರ್ಮಾನಿಸುವಂತಿಲ್ಲ. ಕಾರ್ಮಿಕರ ಅಭಿಪ್ರಾಯಕ್ಕೂ ಜಾಗವಿದೆ. ಹೊಸ ವರ್ಷದ ಪಟ್ಟಿ ತಯಾರಾಗುವ ಮೊದಲೇ, ಅಂದರೆ ನವೆಂಬರ್ ಹೊತ್ತಿಗೆ, ಯುಗಾದಿಯನ್ನು ಸೇರಿಸಿ ಎಂದು ನಾಲ್ಕು ಜನ ಸೇರಿ ಬರವಣಿಗೆಯಲ್ಲಿ ಕೇಳಬಹುದು. ತಮಿಳುನಾಡಿನ ಸರ್ಕಾರಿ ಪಟ್ಟಿಯಲ್ಲಿ ಯುಗಾದಿ ‘ತೆಲುಗು ಹೊಸ ವರ್ಷ’ ಎಂಬ ಹೆಸರಿನಲ್ಲಿ ಇರುವುದರಿಂದ ಹೊಸೂರಿನವರಿಗೆ ಕೇಳಲು ಒಳ್ಳೆಯ ಆಧಾರವೂ ಇದೆ.

ಕರ್ನಾಟಕ, ಕೇರಳ, ತಮಿಳುನಾಡಿನ ಈ ಕಾಯ್ದೆಗಳಂತೆ ರಜಾ ದಿನ ಕೆಲಸ ಮಾಡಿಸಿಕೊಂಡರೆ ಎರಡು ಪಟ್ಟು ಸಂಬಳ ಕೊಡಬೇಕು, ಇಲ್ಲವೇ ಆ ದಿನದ ಸಂಬಳದ ಜೊತೆಗೆ ಬದಲಿ ರಜೆ ಕೊಡಬೇಕು.

ಗಳಿಕೆ ರಜೆ: ಈಗ 180 ದಿನ

1948ರ ಕಾರ್ಖಾನೆ ಕಾಯ್ದೆಯಂತೆ ವರ್ಷಕ್ಕೆ 240 ದಿನ ಕೆಲಸ ಮಾಡಿದವರಿಗೆ ಮಾತ್ರ ಗಳಿಕೆ ರಜೆ ಸಿಗುತ್ತಿತ್ತು. 2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲಿ ಈ ಮಿತಿಯನ್ನು 180 ದಿನಕ್ಕೆ ಇಳಿಸಿದ್ದಾರೆ. ಲೆಕ್ಕ ಮೊದಲಿನದೇ: ಪ್ರತಿ 20 ದಿನದ ಕೆಲಸಕ್ಕೆ ಒಂದು ದಿನ ರಜೆ.

ಉದಾಹರಣೆಗೆ ಆದೋನಿಯ ಹತ್ತಿ ಜಿನ್ನಿಂಗ್ ಮಿಲ್ಲಿನಂಥ ಕಡೆ, ವರ್ಷವಿಡೀ ಕೆಲಸ ಇಲ್ಲದೆ 200 ದಿನ ದುಡಿದವರೊಬ್ಬರನ್ನು ತೆಗೆದುಕೊಳ್ಳಿ. ಹಳೆಯ ಕಾಯ್ದೆಯಲ್ಲಿ ಅವರಿಗೆ ಸೊನ್ನೆ. ಈಗ 10 ದಿನ. ದಿನಗೂಲಿ 500 ರೂಪಾಯಿ ಎಂದು ಹಿಡಿದರೂ ಅದು 5,000 ರೂಪಾಯಿಯ ಮಾತು.

ಗಳಿಕೆ ರಜೆಯ ನಡುವೆ ಬರುವ ಹಬ್ಬದ ರಜೆಗಳನ್ನು ಗಳಿಕೆ ರಜೆಯಲ್ಲಿ ಕಳೆಯುವಂತಿಲ್ಲ. ಉಳಿದ ರಜೆಯಲ್ಲಿ 30 ದಿನದವರೆಗೆ ಮುಂದಿನ ವರ್ಷಕ್ಕೆ ಸಾಗಿಸಬಹುದು. ಅರ್ಜಿ ಹಾಕಿಯೂ ರಜೆ ಮಂಜೂರಾಗದಿದ್ದರೆ ಆ ದಿನಗಳನ್ನು ಈ ಮಿತಿಯಿಲ್ಲದೆ ಮುಂದಕ್ಕೆ ಒಯ್ಯಬಹುದು. ವರ್ಷದ ಕೊನೆಗೆ ಉಳಿದ ರಜೆಯನ್ನು ನಗದು ಮಾಡಿಕೊಳ್ಳಲು ಕೇಳುವ ಹಕ್ಕೂ ಹೊಸ ಸಂಹಿತೆಯಲ್ಲಿದೆ. ಕೆಲಸ ಬಿಟ್ಟರೂ, ಬಿಡಿಸಿದರೂ ಉಳಿದ ರಜೆಯ ಹಣವನ್ನು ಎರಡನೇ ಕೆಲಸದ ದಿನ ಮುಗಿಯುವುದರೊಳಗೆ ಕೊಡಬೇಕು. ಆದರೆ ವ್ಯವಸ್ಥಾಪಕ ಹುದ್ದೆಯವರು ಮತ್ತು ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಪಡೆಯುವ ಮೇಲ್ವಿಚಾರಕರು ಈ ಸಂಹಿತೆಯ ‘ಕಾರ್ಮಿಕ’ ಎಂಬ ಅರ್ಥದಲ್ಲಿ ಬರುವುದಿಲ್ಲ. ಅವರಿಗೆ ನೇಮಕಾತಿ ಪತ್ರದ ಷರತ್ತುಗಳೇ ಆಧಾರ.

ಸಂಹಿತೆಗಳು ಕೇಂದ್ರದ ಹಳೆಯ ಕಾಯ್ದೆಗಳನ್ನು ತೆಗೆದುಹಾಕಿವೆಯೇ ಹೊರತು, ರಾಜ್ಯಗಳ ಹಬ್ಬದ ರಜೆ ಕಾಯ್ದೆ, ಅಂಗಡಿ ಕಾಯ್ದೆಗಳನ್ನಲ್ಲ.

ಅಂಗಡಿ, ಹೋಟೆಲು, ಆಫೀಸಿನವರಿಗೆ

ಇಲ್ಲಿಯೂ ಗಡಿ ದಾಟಿದರೆ ಲೆಕ್ಕ ಬದಲು. ಕರ್ನಾಟಕದ 1961ರ ಕಾಯ್ದೆಯಲ್ಲಿ ಗಳಿಕೆ ರಜೆಯಲ್ಲದೆ ಕಾಯಿಲೆ ಮುಂತಾದ ಕಾರಣಗಳಿಗೆ ವರ್ಷಕ್ಕೆ 12 ದಿನ ಇದೆ. ತಮಿಳುನಾಡಿನ 1947ರ ಕಾಯ್ದೆಯಲ್ಲಿ ಒಂದು ವರ್ಷ ಸೇವೆ ಮುಗಿಸಿದವರಿಗೆ 12 ದಿನ ವಾರ್ಷಿಕ ರಜೆ, ಅದಲ್ಲದೆ 12 ದಿನ ಕಾಯಿಲೆ ರಜೆ, 12 ದಿನ ಸಾಂದರ್ಭಿಕ ರಜೆ. ಮಹಾರಾಷ್ಟ್ರದಲ್ಲಿ 8 ದಿನ ಸಾಂದರ್ಭಿಕ ರಜೆ ಮತ್ತು 240 ದಿನ ಕೆಲಸ ಮಾಡಿದವರಿಗೆ 20 ದಿನಕ್ಕೊಂದರಂತೆ ಗಳಿಕೆ ರಜೆ. ಗಳಿಕೆ ರಜೆಯನ್ನು 45 ದಿನದವರೆಗೆ ಕೂಡಿಡಬಹುದು.

ಎಲ್ಲ ರಾಜ್ಯಗಳಿಗೂ ಒಂದೇ ಆಗಿರುವವು

ಹೆರಿಗೆ ರಜೆ ಕೇಂದ್ರ ಕಾನೂನಿನ ವಿಷಯ. ಮೊದಲ ಎರಡು ಮಕ್ಕಳಿಗೆ 26 ವಾರ, ನಂತರದ ಹೆರಿಗೆಗೆ 12 ವಾರ. ಹೆರಿಗೆಯ ನಿರೀಕ್ಷಿತ ದಿನಕ್ಕೆ ಮುಂಚಿನ 12 ತಿಂಗಳಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕು. ಗರ್ಭಪಾತವಾದರೆ 6 ವಾರ ರಜೆ ಉಂಟು. ಇಎಸ್‌ಐ ಇರುವವರಿಗೆ ಕಾಯಿಲೆಯ ಕಾಲದಲ್ಲಿ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ. 70ರಷ್ಟು ಸಿಗುತ್ತದೆ.

ಮತದಾನದ ದಿನ: ಇದೇ ಆ ಅಪವಾದ

1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 135ಬಿ ಕಲಮಿನಂತೆ, ಲೋಕಸಭೆ ಅಥವಾ ವಿಧಾನಸಭೆ ಚುನಾವಣೆಯಲ್ಲಿ ಮತದ ಹಕ್ಕಿರುವ ಪ್ರತಿ ನೌಕರನಿಗೂ ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕು. ದಿನಗೂಲಿಯವರಿಗೂ ಇದು ಸಲ್ಲುತ್ತದೆ. ಇಲ್ಲಿ ನೋಡಬೇಕಾದದ್ದು ಕೆಲಸದ ಸ್ಥಳವನ್ನಲ್ಲ, ಮತದಾರರ ಪಟ್ಟಿಯಲ್ಲಿ ನಮ್ಮ ಹೆಸರು ಎಲ್ಲಿದೆ ಎಂಬುದನ್ನು. ಕಾಸರಗೋಡಿನ ಮತದಾರರು ಮಂಗಳೂರಿನಲ್ಲಿ ಕೆಲಸದಲ್ಲಿದ್ದರೆ, ಕರ್ನಾಟಕದಲ್ಲಿ ಅಂದು ಚುನಾವಣೆ ಇಲ್ಲದಿದ್ದರೂ ಕೇರಳದ ಮತದಾನದ ದಿನ ಅವರಿಗೆ ರಜೆ. ತಾನಿಲ್ಲದಿದ್ದರೆ ಅಪಾಯ ಅಥವಾ ಭಾರಿ ನಷ್ಟ ಆಗುವಂಥ ಕೆಲಸದಲ್ಲಿರುವವರಿಗೆ ಮಾತ್ರ ವಿನಾಯಿತಿ. ಗಡಿಯಲ್ಲಿ ನಮ್ಮ ಶಾಲೆ, ನಮ್ಮ ಭಾಷೆಯ ಪ್ರಶ್ನೆಗಳು ತೀರ್ಮಾನವಾಗುವುದು ಮತದಿಂದ. ಒಂದು ದಿನದ ಕೂಲಿಗೆ ಹೆದರಿ ಅದನ್ನು ಬಿಡಬೇಕಾಗಿಲ್ಲ.

ಸದಸ್ಯರಲ್ಲಿ ವಿನಂತಿ

ರಜೆ ಅರ್ಜಿಯನ್ನು ಬಾಯಿಮಾತಿನಲ್ಲಿ ಮುಗಿಸಬೇಡಿ. ಎರಡು ಪ್ರತಿ ಬರೆದು ಒಂದರ ಮೇಲೆ ಸಹಿ ಮತ್ತು ದಿನಾಂಕ ಹಾಕಿಸಿಕೊಳ್ಳಿ. ಮೊಬೈಲಿನಲ್ಲಿ ಕಳಿಸಿದರೆ ಅದನ್ನು ಅಳಿಸಬೇಡಿ. ಸಂಬಳದ ಚೀಟಿಗಳನ್ನು ಜೋಪಾನವಾಗಿಡಿ. ಗುತ್ತಿಗೆ ಕಾರ್ಮಿಕರು ತಮ್ಮ ಕೆಲಸದ ದಿನಗಳನ್ನು ಸ್ವಂತ ಡೈರಿಯಲ್ಲೂ ಬರೆದಿಡುವುದು ಒಳ್ಳೆಯದು. ದೂರು ಕೊಡುವ ಪ್ರಸಂಗ ಬಂದರೆ ಮನೆಯ ಹತ್ತಿರದ ಕಾರ್ಮಿಕ ಕಚೇರಿಗೆ ಅಲೆಯದೆ, ಕೆಲಸದ ಸ್ಥಳ ಇರುವ ಜಿಲ್ಲೆಯ ಕಾರ್ಮಿಕ ಇಲಾಖೆಗೆ ಹೋಗಿ.

ಅಲ್ಲಿನ ಭಾಷೆಯಲ್ಲಿ ಅರ್ಜಿ ಬರೆಯಲು ತೊಡಕಾದವರು ಕಾಗದಪತ್ರಗಳೊಂದಿಗೆ ಸಂಘದ ಕಚೇರಿಗೆ ಬನ್ನಿ. ಕುಳಿತು ಬರೆದುಕೊಡೋಣ.

– ಕಾರ್ಯದರ್ಶಿ