ಕಾವಲುಗಾರರೇ ಬೀಸಿದ ಬಲೆ

ಕ್ಯಾನ್ಸರ್ ರೋಗಿಗಳ ರಕ್ತನಾಳಗಳಲ್ಲಿ ನೆತ್ತರು ಹೆಪ್ಪುಗಟ್ಟುವುದುಂಟೆಂದು ಪ್ಯಾರಿಸಿನ ವೈದ್ಯರಾದ ಅರ್ಮಾಂ ಟ್ರೂಸೋರವರು 1865ರಲ್ಲಿ ಬೋಧಿಸಿದರು. ಅದೇ ಲಕ್ಷಣವನ್ನು ತಮ್ಮ ಶರೀರದಲ್ಲಿಯೇ ಕಂಡು, 1867ರಲ್ಲಿ ಕ್ಯಾನ್ಸರಿನಿಂದಲೇ ತೀರಿಕೊಂಡರು.

ಇದಕ್ಕೆ ನಮ್ಮ ದೇಹದ ಕಾವಲುಗಾರರೂ ಒಂದು ಕಾರಣವೆಂಬುದು ಸೋಜಿಗದ ಸಂಗತಿ. ನ್ಯೂಟ್ರೊಫಿಲ್ ಎಂಬ ಬಿಳಿಯ ರಕ್ತಕಣಗಳು ರೋಗಾಣುಗಳನ್ನು ಹಿಡಿಯಲು ತಮ್ಮೊಳಗಿನ ಡಿಎನ್‌ಎ ಎಳೆಗಳನ್ನೇ ಬಲೆಯಾಗಿ ಬೀಸುತ್ತವೆಂದು 2004ರಲ್ಲಿ ಗೊತ್ತಾಯಿತು. ಕ್ಯಾನ್ಸರ್ ಗಡ್ಡೆಯಿಂದ ಹೊರಡುವ ದ್ರವ್ಯಗಳು ರೋಗಾಣುಗಳಿಲ್ಲದಾಗಲೂ ಈ ಕಣಗಳನ್ನು ಕೆರಳಿಸಬಲ್ಲವು. ಆಗ ಆ ಬಲೆಯಲ್ಲಿ ರಕ್ತದ ಇತರ ಕಣಗಳು ಸಿಲುಕಿ ಹೆಪ್ಪಾಗುತ್ತವೆ.

ಆದುದರಿಂದ ರೋಗಿಯ ಒಂದು ಕಾಲು ಮಾತ್ರ ಬಾತುಕೊಂಡರೆ, ಅಥವಾ ಉಸಿರು ಥಟ್ಟನೆ ಕಟ್ಟಿದರೆ, ಅದನ್ನು ಬರಿಯ ಆಯಾಸವೆಂದೆಣಿಸದೆ ಕೂಡಲೇ ವೈದ್ಯರಿಗೆ ತೋರಿಸತಕ್ಕದ್ದು. ಹೆಪ್ಪನ್ನು ತಡೆಯುವ ಔಷಧಗಳುಂಟು. ಶುಶ್ರೂಷೆ ಮಾಡುವವರ ಎಚ್ಚರವು ಒಂದು ಪ್ರಾಣವನ್ನು ಉಳಿಸೀತು.